ಮಂಪರಿನ ಮದ್ದು, ಹಸಿವಿನ ಮದ್ದು

ಔಷಧಿ ಕೊಡುವ ಕಿಟಕಿಯ ಹಿಂದೆ ಕೂತವನಿಗೆ ಜನರ ಮುಖಕ್ಕಿಂತ ಕೈ ಹೆಚ್ಚು ಪರಿಚಯ. ನಮ್ಮ ಕಿಟಕಿಯಂತೂ ತಗ್ಗಿನಲ್ಲಿದೆ. ಚೀಟಿ ಹಿಡಿದ ಕೈ ಒಳಗೆ ಬರುತ್ತದೆ, ಮುಖ ಕಾಣಬೇಕೆಂದರೆ ನಾನು ಬಗ್ಗಬೇಕು. ಮೆಣಸು ಬಿಡಿಸಿದ ಕೈ, ಕಾಫಿ ಕುಯ್ದ ಕೈ, ಶುಂಠಿಯ ಮಣ್ಣು ಉಗುರಿನಲ್ಲಿ ಉಳಿದ ಕೈ, ಎಲ್ಲ ಗುರುತು ಸಿಗುತ್ತದೆ. ಆ ದಿನ ಬಂದದ್ದೂ ದುಡಿದ ಕೈಯೇ, ಆದರೆ ಅಂಗೈಯ ಗೆರೆಗಳು ಬಿಳಿಚಿದ್ದವು. ಉಗುರಿನ ಬುಡದಲ್ಲೂ ಕೆಂಪಿರಲಿಲ್ಲ. ಬಗ್ಗಿ ನೋಡಿದೆ. ಇಪ್ಪತ್ತರ ಆಸುಪಾಸಿನ ಹುಡುಗಿ, ಕಟ್ಟೆಗೆ ಒರಗಿ ಉಸಿರು ಸುಧಾರಿಸಿಕೊಳ್ಳುತ್ತಿದ್ದಳು. ಬಸ್ಸು ನಿಲ್ಲುವ ಜಾಗದಿಂದ ನಮ್ಮ ಆಸ್ಪತ್ರೆಗೆ ಇರುವುದು ಒಂದು ಸಣ್ಣ ಏರು ಅಷ್ಟೆ.

ನಾನು ಪುಲ್ಪಳ್ಳಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಮನೆ ಕರ್ನಾಟಕದ ಗಡಿಯಂಚಿನ ಮರಕ್ಕಡವಿನಲ್ಲಿ. ಮನೆಯೊಳಗೆ ಕನ್ನಡ, ಕಿಟಕಿಯಲ್ಲಿ ಮಲಯಾಳ, ಕಾಡಿನ ಅಂಚಿನ ಆದಿವಾಸಿ ಹಾಡಿಗಳಿಂದ ಬಂದವರೊಡನೆ ಎರಡೂ ಕಲಸಿದ್ದು. ನನಗೊಂದು ಚಟವಿದೆ. ಚೀಟಿಯಲ್ಲಿ ಬರೆದದ್ದನ್ನು ಸುಮ್ಮನೆ ಎಣಿಸಿ ಕೊಟ್ಟು ಕಳಿಸುವುದು ನನ್ನಿಂದಾಗುವುದಿಲ್ಲ. ಗುಳಿಗೆ ಒಳಗೆ ಹೋಗಿ ಏನು ಮಾಡುತ್ತದೆ ಎಂದು ಹೇಳಲೇಬೇಕು. ಸಾಲು ಬೆಳೆಯುತ್ತದೆ, ಹಿಂದಿನವರು ಗೊಣಗುತ್ತಾರೆ, ಡಾಕ್ಟರಮ್ಮ ತಮ್ಮ ಕೋಣೆಯಿಂದಲೇ ಒಂದು ಕೆಮ್ಮು ಕೆಮ್ಮುತ್ತಾರೆ. ಅದು ನನಗೆ ಸೂಚನೆ. ಹಾಗಿದ್ದರೂ ನನ್ನ ವಿವರಣೆಯ ಬಗ್ಗೆ ನನಗೆ ಒಳಗೊಳಗೇ ಬಹಳ ಹೆಮ್ಮೆಯಿತ್ತು. ಆ ಹೆಮ್ಮೆ ಇಳಿದ ಕಥೆ ಇದು.

ಹುಡುಗಿಗೆ ಬೇಕಾದದ್ದು ಒಂದೇ. ಅರಣ್ಯ ಇಲಾಖೆಯ ಬೀಟ್ ಕೆಲಸಕ್ಕೆ, ಅಂದರೆ ಕಾಡಿನ ಗಸ್ತಿಗೆ, ಕಾಡಿನ ಜನರಿಂದಲೇ ಆಯ್ಕೆ ಮಾಡುವ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಬರೆಯುವ ಪರೀಕ್ಷೆ ಮುಗಿದಿತ್ತು. ಉಳಿದದ್ದು ದೇಹಪರೀಕ್ಷೆ, ಅದರಲ್ಲೂ ಗಡಿಯಾರ ಹಿಡಿದು ಮಾಡಿಸುವ ದೂರದ ನಡಿಗೆ. ನಾಲ್ಕು ತಿಂಗಳು ಬಾಕಿಯಿತ್ತು. ಚಿಕ್ಕಂದಿನಿಂದ ಕಾಡಿನಲ್ಲಿ ಓಡಾಡಿದ ಹುಡುಗಿ, ನಡೆಯುವುದು ಅವಳಿಗೆ ಒಂದು ಲೆಕ್ಕವೇ ಅಲ್ಲ. ಆದರೆ ಒಂದು ವರ್ಷದಿಂದ ಅರ್ಧ ಮೈಲಿ ನಡೆದರೆ ಕಣ್ಣು ಕತ್ತಲೆ ಬರುತ್ತಿತ್ತು. ಈ ಸಲ ತಪ್ಪಿದರೆ ಇಂಥ ಪಟ್ಟಿ ಮತ್ತೆ ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅವಳ ತಾಯಿ ಕರ್ನಾಟಕದ ಶುಂಠಿ ಗದ್ದೆಗಳಲ್ಲಿ ಕೂಲಿಗಿದ್ದಳು. ಮನೆಯಲ್ಲಿ ಇವಳು ಮತ್ತು ಅಜ್ಜಿ, ಇಬ್ಬರೇ.

ರಕ್ತ ನೋಡಿದಾಗ ಹಿಮೋಗ್ಲೋಬಿನ್ ಏಳೂಕಾಲು. ಹನ್ನೆರಡಿರಬೇಕಾದ ಕಡೆ ಏಳೂಕಾಲು. ನಮ್ಮ ಕಡೆ ಇಷ್ಟು ಕಡಿಮೆ ಕಂಡರೆ ಮೊದಲು ಅನುಮಾನ ಬರುವುದು ಸಿಕಲ್ ಸೆಲ್ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯ ಮೇಲೆ. ಡಾಕ್ಟರಮ್ಮ ಆ ಪರೀಕ್ಷೆ ಮಾಡಿಸಿದರು, ಇಲ್ಲವೆಂದು ಬಂತು. ಆಮೇಲೆ ಮಲ ಪರೀಕ್ಷೆ. ಇದರಲ್ಲಿ ನಮ್ಮ ಲ್ಯಾಬಿನಾಕೆಯನ್ನು ಮೀರಿಸುವವರಿಲ್ಲ. ಹತ್ತಾರು ವರ್ಷದಿಂದ ನನ್ನ ಪಕ್ಕದ ಕೋಣೆಯಲ್ಲಿದ್ದಾರೆ, ಮಾತು ಕಡಿಮೆ, ಕೈ ಚುರುಕು. ಉಪ್ಪು ಇನ್ನು ಕರಗದು ಎನ್ನುವಷ್ಟು ಗಟ್ಟಿ ಉಪ್ಪುನೀರಿನಲ್ಲಿ ಮಲವನ್ನು ಕಲಸಿ, ಸಣ್ಣ ಸೀಸೆಗೆ ಕಂಠದವರೆಗೆ ತುಂಬಿ, ಬಾಯಿಗೆ ಗಾಜಿನ ಪಟ್ಟಿಯನ್ನು ತಾಗಿಸಿ ಇಪ್ಪತ್ತು ನಿಮಿಷ ಬಿಡುತ್ತಾರೆ. ಕಸವೆಲ್ಲ ಕೆಳಗುಳಿಯುತ್ತದೆ, ಹಗುರವಾದ ಹುಳುವಿನ ಮೊಟ್ಟೆ ತೇಲಿ ಬಂದು ಗಾಜಿಗೆ ಅಂಟುತ್ತದೆ. ಪಟ್ಟಿಯನ್ನು ಮೈಕ್ರೋಸ್ಕೋಪಿಗಿಟ್ಟವರು ನನ್ನನ್ನು ಕರೆದರು. ತೆಳ್ಳಗಿನ ಚಿಪ್ಪಿನ ಅಂಡಾಕಾರದ ಮೊಟ್ಟೆಗಳು, ಒಳಗೆ ನಾಲ್ಕು ಭಾಗವಾಗಿ ಒಡೆದ ತಿರುಳು. ಕಣ್ಣು ಹಾಯಿಸಿದ ಕಡೆಯೆಲ್ಲ ಇದ್ದವು.

ಕೊಕ್ಕೆಹುಳು. ಹೆಚ್ಚೆಂದರೆ ಒಂದು ಬೆರಳುಗುರಿನ ಉದ್ದ, ನೂಲಿನ ದಪ್ಪ. ಒದ್ದೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಿಂತವರ ಅಂಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ, ಕೊನೆಗೆ ಸಣ್ಣಕರುಳಿನ ಗೋಡೆ ಕಚ್ಚಿ ನೇತಾಡುತ್ತಾ ರಕ್ತ ಕುಡಿಯುತ್ತದೆ. ಒಂದು ಹುಳು ಕುಡಿಯುವುದು ಏನೇನೂ ಅಲ್ಲ. ನೂರಾರು ಸೇರಿ ವರ್ಷಗಟ್ಟಲೆ ಕುಡಿದರೆ ಅಂಗೈ ಬಿಳಿಚುತ್ತದೆ.

ಡಾಕ್ಟರಮ್ಮ ಕಬ್ಬಿಣದ ಗುಳಿಗೆ ಮತ್ತು ಹುಳುವಿಗೆ ಆಲ್ಬೆಂಡಜೋಲ್ ಬರೆದರು. ಕಿಟಕಿಗೆ ಬಂದ ಹುಡುಗಿಗೆ ನಾನು ಶುರುಮಾಡಿದೆ. ಹುಳುವಿನ ಮೈಯ ಒಂದೊಂದು ಕಣದಲ್ಲೂ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳ ಒಂದು ಚಪ್ಪರವಿದೆ, ತಿಂದದ್ದು ಒಳಗೆ ಸಾಗುವುದು ಅದರ ಆಸರೆಯಲ್ಲಿ. ಆ ಚಪ್ಪರ ಒಂದು ಕಡೆ ಬಿಚ್ಚುತ್ತಿರುತ್ತದೆ, ಇನ್ನೊಂದು ಕಡೆ ಕಟ್ಟುತ್ತಿರಬೇಕು. ಈ ಗುಳಿಗೆ ಹೋಗಿ ಕಟ್ಟುವ ಗಳಗಳಿಗೆ ಅಂಟಿಕೊಳ್ಳುತ್ತದೆ, ಚಪ್ಪರ ಮತ್ತೆ ಏಳುವುದಿಲ್ಲ. ನಮ್ಮ ಮೈಯಲ್ಲೂ ಚಪ್ಪರವಿದೆ, ಆದರೆ ಅದರ ಗಳ ಬೇರೆ ಜಾತಿ, ಗುಳಿಗೆ ಅದಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ಊಟದ ನಡುವೆಯೇ ಇದ್ದರೂ ಹುಳುವಿಗೆ ಸಕ್ಕರೆ ದಕ್ಕದು, ಎರಡು ಮೂರು ದಿನಗಳಲ್ಲಿ ಹಸಿದು ಸಾಯುತ್ತದೆ. ಹುಡುಗಿ ಕಣ್ಣರಳಿಸಿ ಕೇಳಿದಳು. ಗುಳಿಗೆ ಹೊಟ್ಟೆಯಲ್ಲಿ ಇರಬೇಕಾದ ಹೊತ್ತು, ಸತ್ತ ಹುಳು ಕಣ್ಣಿಗೆ ಬೀಳದಿರುವುದು, ಈ ವಿಷಯಗಳಿಗೆ ಇನ್ನೇನು ಬರಬೇಕು, ಅಷ್ಟರಲ್ಲಿ ಡಾಕ್ಟರಮ್ಮ ಕೆಮ್ಮಿದರು. ಮನೆಗೆ ಹೋಗಿ ಏನಾದರೂ ತಿಂದು ಜಗಿದು ನುಂಗು ಎಂದು ಹೇಳಿ ಕಳಿಸಿದೆ.

ಒಂದು ತಿಂಗಳ ಮೇಲೆ ಬಂದಾಗ ಏಳೂವರೆ. ಏರಿದೆ ಎನ್ನಲು ನಾಚಿಕೆಯಾಗುವಷ್ಟು. ಉಪ್ಪುನೀರಿನ ಮೇಲೆ ಮೊಟ್ಟೆಗಳು ಹಿಂದಿನಂತೆಯೇ ತೇಲಿದವು.

ನಾನು ಪತ್ತೇದಾರನಾದೆ. ಕಬ್ಬಿಣದ ಗುಳಿಗೆ ಹೇಗೆ ತಗೊಳ್ಳುತ್ತೀಯೆಂದು ಕೇಳಿದೆ. ನಾನು ಹೇಳಿದ ಹಾಗೆ, ಊಟವಾದ ಮೇಲೆ. ಊಟವಾದ ಮೇಲೆ ಏನು ಕುಡಿಯುತ್ತೀಯ ಎಂದೆ. ಕಟ್ಟನ್ ಕಾಪಿ, ಅಂದರೆ ಹಾಲಿಲ್ಲದ ಕಪ್ಪು ಕಾಫಿ. ಕಾಫಿಯ ಒಗರು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಬಿಡುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಸಿಕ್ಕಿತು ಕಳ್ಳ ಎಂದುಕೊಂಡೆ. ಗುಳಿಗೆಗೂ ಕಾಫಿಗೂ ನಡುವೆ ಎರಡು ಗಂಟೆ ಅಂತರ ಇಡಲು ಹೇಳಿದೆ, ಗುಳಿಗೆಯ ಜೊತೆ ನೆಲ್ಲಿಕಾಯಿ ಕಚ್ಚಲು ಹೇಳಿದೆ, ಪುಲ್ಪಳ್ಳಿಯ ಅಂಗಡಿಯಿಂದ ಒಂದು ಜೊತೆ ರಬ್ಬರ್ ಚಪ್ಪಲಿಯನ್ನೂ ತೆಗೆಸಿಕೊಟ್ಟೆ. ಡಾಕ್ಟರಮ್ಮ ಈ ಸಲ ಹುಳುವಿನ ಮದ್ದನ್ನು ಮೂರು ದಿನಕ್ಕೆ ಬರೆದರು, ದಿನಕ್ಕೊಂದರಂತೆ. ನಾನು ಮನೆಗೆ ಹೋಗಿ ಹೆಂಡತಿಯ ಮುಂದೆ ಕಾಫಿಯ ವಿಷಯವನ್ನು ಎರಡೆರಡು ಸಲ ಹೇಳಿಕೊಂಡೆ.

ಮತ್ತೊಂದು ತಿಂಗಳಾಯಿತು. ಏಳು. ಹೆಚ್ಚಲಿಲ್ಲ, ಇಳಿದಿತ್ತು. ಮೊಟ್ಟೆಗಳು ಇದ್ದೇ ಇದ್ದವು.

ಆಗ ಗುಳಿಗೆಯ ಮೇಲೆಯೇ ಅನುಮಾನ ಬಂತು. ಪೆಟ್ಟಿಗೆಯ ಬ್ಯಾಚ್ ನೋಡಿದೆ, ಅವಧಿ ನೋಡಿದೆ, ಇಟ್ಟ ಜಾಗದಲ್ಲಿ ತೇವವಿಲ್ಲ. ಅದೇ ಪೆಟ್ಟಿಗೆಯಿಂದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಕೆಲವು ಮಕ್ಕಳಿಗೆ ಕೊಟ್ಟಿದ್ದೆ. ಲ್ಯಾಬಿನಾಕೆ ಅವರ ಮಲವನ್ನು ಮತ್ತೆ ತರಿಸಿ ನೋಡಿದರು, ಒಂದು ಮೊಟ್ಟೆಯೂ ಇಲ್ಲ. ಮದ್ದು ಸರಿಯಿದೆ, ಹುಳು ಅದೇ ಜಾತಿ, ಆದರೆ ಈ ಒಂದು ಹೊಟ್ಟೆಯಲ್ಲಿ ಮಾತ್ರ ಸಾಯುತ್ತಿಲ್ಲ. ಹುಳು ಈ ಮದ್ದಿಗೆ ಒಗ್ಗಿಹೋಗಿದೆಯೇ ಎಂದು ಡಾಕ್ಟರಮ್ಮನಿಗೆ ಶಂಕೆ. ಬೇರೆಲ್ಲಾದರೂ ರಕ್ತ ಸೋರುತ್ತಿದೆಯೇ ಎಂಬ ಇನ್ನೊಂದು ಶಂಕೆ. ಹುಡುಗಿಯನ್ನು ಕೋಝಿಕ್ಕೋಡಿನ ದೊಡ್ಡ ಆಸ್ಪತ್ರೆಗೆ ಕಳಿಸೋಣ, ಒಳಗೆ ಸೇರಿಸಿ ಎಲ್ಲ ನೋಡಲಿ ಎಂದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ಅಲ್ಲಿಗೆ ಹೋದರೆ ವಾರಗಳು ಕರಗುತ್ತವೆ, ದೇಹಪರೀಕ್ಷೆಯ ಆಸೆ ಬಿಡಬೇಕು. ಅದನ್ನು ಕೇಳಿ ಹುಡುಗಿ ಅಳಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಮಡಿಸಿ ಮಡಿಸಿ ಬೆರಳುಗುರಿನಷ್ಟು ಮಾಡಿದಳು. ನನಗೆ ನೋಡಲಾಗಲಿಲ್ಲ.

ಹೊರಡುವಾಗ ಕಿಟಕಿಯ ಹತ್ತಿರ ನಿಂತು ಅವಳು ಒಂದು ಮಾತು ಹೇಳಿದಳು. ಮೂರು ದಿನ ಆ ಗುಳಿಗೆ ತಿಂದ ಮೇಲೆ ಒಂದು ವಾರ ಅಭ್ಯಾಸಕ್ಕೆ ಹೋಗಲಾಗಲಿಲ್ಲವಂತೆ, ಭೇದಿಯಾಗಿ ಕಾಲು ನಡುಗುತ್ತಿದ್ದವಂತೆ.

"ಆ ಗುಳಿಗೆಗೆ ಹಂಗೇ ಅಲ್ವಾ ಸಾರ್?" ಎಂದಳು.

ಅಲ್ಲ. ಹೊಟ್ಟೆ ಸ್ವಲ್ಪ ಗುಡುಗುಡು ಅನ್ನಬಹುದು, ಅಷ್ಟೆ. ಮೂರು ದಿನ ತೊಳೆದು ಹಾಕುವ ಮದ್ದಲ್ಲ ಅದು. ಜೊತೆಗೆ ಇನ್ನೇನಾದರೂ ಬೇರು, ಸೊಪ್ಪು ತಿಂದೆಯಾ ಎಂದು ಕೇಳಿದೆ. ಏನೂ ತಿಂದಿಲ್ಲ ಎಂದಳು. ಸುಳ್ಳು ಹೇಳುವ ಮುಖವಲ್ಲ.

ನಾನು ನೇರ ಡಾಕ್ಟರಮ್ಮನ ಕೋಣೆಗೆ ಹೋದೆ. ಒಂದು ವಾರ ಕೊಡಿ, ಆಮೇಲೆ ಕಳಿಸೋಣ ಎಂದೆ. ವಾರದಲ್ಲಿ ಏನು ಮಾಡುತ್ತೀರಿ ಎಂದರು. ಆ ಮನೆಯ ಜಗಲಿಯಲ್ಲಿ ಕೂತು ಅವಳು ಗುಳಿಗೆ ತಿನ್ನುವುದನ್ನು ನೋಡುತ್ತೇನೆ ಎಂದೆ. ಅವರು ನನ್ನ ಮಗಳ ವಯಸ್ಸಿನವರು, ನನ್ನ ತಲೆ ಸರಿಯಿದೆಯೇ ಎಂಬಂತೆ ನೋಡಿದರು. ಎರಡು ತಿಂಗಳು ನಾನು ಹೇಳುತ್ತಲೇ ಇದ್ದೆ, ಒಮ್ಮೆಯೂ ಹೋಗಿ ನೋಡಲಿಲ್ಲ ಎಂದೆ. ಅವರು, ರಜೆಯ ಅರ್ಜಿ ಬರೆಯಬೇಡಿ, ಕೆಲಸವೆಂದೇ ಹೋಗಿಬನ್ನಿ ಎಂದರು.

ಮಾರನೆಯ ದಿನ ಹುಳುವಿನ ಗುಳಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಹೊರಟೆ. ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ನಡೆದು, ಆನೆಕಂದಕದ ಮೇಲಿನ ಹಲಗೆ ದಾಟಿದರೆ ಹಾಡಿ. ಹುಡುಗಿಯ ಮನೆ ಕೊನೆಯದು. ಜಗಲಿಯಲ್ಲಿ ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಎಪ್ಪತ್ತರ ಹತ್ತಿರದ ಸಣ್ಣ ಮೈ. ನನ್ನನ್ನು ಕಂಡವಳೇ ಮೊರ ಕೆಳಗಿಟ್ಟು ಎದ್ದು ನಿಂತು, ಬಹಳ ದಿನದಿಂದ ಕಾಯುತ್ತಿದ್ದ ನೆಂಟನನ್ನು ಕಂಡಂತೆ ನಕ್ಕಳು.

"ಬಾವಲಿ ಕಂಪೌಂಡ್ರು ಬಂದ್ರು" ಎಂದು ಒಳಗೆ ಕೂಗಿದಳು.

ಮೂವತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾನು ಬಾವಲಿ ಎಂಬ ಊರಿನ ಒಂದು ಸಣ್ಣ ಡಿಸ್ಪೆನ್ಸರಿಯಲ್ಲಿದ್ದದ್ದು ನಿಜ. ಆಗ ಎಲ್ಲರೂ ನನ್ನನ್ನು ಕಂಪೌಂಡರ್ ಎನ್ನುತ್ತಿದ್ದರು. ಅಜ್ಜಿಯ ಸಂಸಾರ ಆಗ ಅಲ್ಲಿಯ ಹಾಡಿಯಲ್ಲಿತ್ತಂತೆ. ನನಗೆ ಮುಖ ನೆನಪಾಗಲಿಲ್ಲ. ನೆನಪಾದಂತೆ ತಲೆಯಾಡಿಸಿದೆ. ಕಿಟಕಿಯಲ್ಲಿ ಕೂತು ಕೂತು ಬಂದ ಅಭ್ಯಾಸ ಅದು.

ಹುಡುಗಿ ಗಂಜಿ ಕುಡಿದಳು. ನನ್ನ ಎದುರಿಗೇ ಗುಳಿಗೆ ಜಗಿದು ನುಂಗಿದಳು. ಬಾಯಿ ತೆರೆಸಿ ನೋಡಿದೆ, ಏನೂ ಉಳಿದಿರಲಿಲ್ಲ. ಇಲ್ಲಿಯವರೆಗೆ ಎಲ್ಲ ಸರಿ. ನಾನು ಕಂಬಕ್ಕೆ ಒರಗಿ ಕೂತೆ. ಬೆಟ್ಟದ ಕಡೆಯಿಂದ ಬಿಸಿಲು ಇಳಿದು ಬರುತ್ತಿತ್ತು, ಕೋಳಿಗಳು ಮೊರದ ಸುತ್ತ ಸುಳಿಯುತ್ತಿದ್ದವು. ಅರ್ಧ ಗಂಟೆ ಕಳೆದಿರಬೇಕು, ಒಳಗಿನಿಂದ ಕಾಫಿಯ ವಾಸನೆ ಬಂತು, ಅದರ ಹಿಂದೆಯೇ ಇನ್ನೊಂದು ವಾಸನೆ. ಅಜ್ಜಿ ಹಿತ್ತಾಳೆ ಲೋಟವನ್ನು ಸೆರಗಿನಲ್ಲಿ ಹಿಡಿದು ತಂದಳು. ಮೊಮ್ಮಗಳ ಕೈಗೆ ಕೊಡುವ ಮೊದಲು, ಎಲ್ಲ ಸರಿಯಾಗಿ ಮಾಡಿದ್ದೇನೆ ನೋಡಿ ಎಂಬಂತೆ ನನ್ನ ಕಡೆ ಬಗ್ಗಿಸಿ ತೋರಿಸಿದಳು. ಕಪ್ಪು ಕಾಫಿಯ ಮೇಲೆ ಎರಡು ಬೆರಳು ಎಣ್ಣೆ ನಿಂತಿತ್ತು.

"ಇದೇನವ್ವಾ?"

"ಹರಳೆಣ್ಣೆ. ನೀವ್ ಯೋಳಿದ್ದೇಯ."

"ನಾನು ಯಾವಾಗ ಹೇಳಿದೆ?"

ಅಜ್ಜಿಗೆ ನನ್ನ ಪ್ರಶ್ನೆಯೇ ತಮಾಷೆಯಾಗಿ ಕಂಡಿತು. "ಬಾವಲೀಲಿ. ಈ ಕೂಸಿನ ಅವ್ವ ಆಗ ಇಷ್ಟುದ್ದ. ಹೊಟ್ಟೆ ಮಡಕೆಯಂಗೆ ಊದ್ಕಂಡಿತ್ತು. ಸೀಸೇಲಿ ಸೀ ಮರುಂದು ಕೊಟ್ರಲ್ಲ ನೀವು. ಇದ ಕುಡುದ್ರೆ ಹುಳ ಮಂಪರಾಗಿ ಕೈ ಬುಡ್ತದೆ, ಎಚ್ಚರಾಗಕ್ ಮುಂಚೆ ಆಚಿಗ್ ತಳ್ಬೇಕು, ಹರಳೆಣ್ಣೆ ಕುಡ್ಸವ್ವಾ ಅಂದ್ರಿ. ಕುಡ್ಸುದೆ. ಮುದ್ದೆ ಮುದ್ದೆ ಹುಳ ಬಿತ್ತು. ನನ್ ಕೂಸು ಉಳೀತು."

ಮದ್ದು ಎನ್ನುವುದಕ್ಕೆ ಮರುಂದು ಎಂಬ ಮಲಯಾಳದ ಮಾತು ಬಿಟ್ಟರೆ, ಉಳಿದದ್ದೆಲ್ಲ ನಾನು ಆಗ ಹೇಳುತ್ತಿದ್ದ ಮಾತೇ, ಅಕ್ಷರ ತಪ್ಪದೆ. ಅದು ಪೈಪೆರಜಿನ್ ಎಂಬ ಸಿರಪ್ಪು. ಎರೆಹುಳುವಿನಷ್ಟು ಉದ್ದದ ಜಂತುಹುಳುವಿಗೆ ಕೊಡುತ್ತಿದ್ದದ್ದು. ಅದು ಹುಳುವನ್ನು ಕೊಲ್ಲುತ್ತಿರಲಿಲ್ಲ. ಹುಳುವಿನ ಮಾಂಸಖಂಡಕ್ಕೆ ನರದಿಂದ ಬರುವ ಅಪ್ಪಣೆಯನ್ನು ಅಡಗಿಸಿ ಮೈ ಜೋಲುವಂತೆ ಮಾಡುತ್ತಿತ್ತು, ಅಷ್ಟೆ. ಕರುಳಿನ ಹರಿವಿಗೆ ಎದುರಾಗಿ ಈಜುವ ಶಕ್ತಿ ಹೋದ ಹುಳು ಜೀವಂತವಾಗಿಯೇ ಜಾರಿ ಬರಬೇಕು. ತಡವಾದರೆ ಚೇತರಿಸಿಕೊಂಡು ಮತ್ತೆ ಒಳಗೇ ಉಳಿಯುತ್ತದೆಂಬ ಭಯಕ್ಕೆ ನಾವು ಭೇದಿಗೆ ಕೊಡುತ್ತಿದ್ದೆವು. ಆ ಮದ್ದಿಗೆ ಆ ಎಣ್ಣೆ ಒಪ್ಪುತ್ತಿತ್ತು.

ಈ ಗುಳಿಗೆಗೆ ಬೇಕಾದದ್ದು ಅದರ ತದ್ವಿರುದ್ಧ. ಇದು ರಕ್ತಕ್ಕೆ ಹೋಗುವುದೇ ಕಡಿಮೆ, ಕರುಳಿನಲ್ಲೇ ಉಳಿದು ಹುಳುವಿನ ಮೈಗೆ ತಾಗುತ್ತಾ ಇರಬೇಕು. ಹುಳುವಿನ ಚಪ್ಪರ ಕುಸಿಯಲು ಹೊತ್ತು ಬೇಕು, ಹಸಿವು ಕೊಲ್ಲಲು ದಿನ ಬೇಕು. ಅರ್ಧ ಗಂಟೆಗೆ ಎಣ್ಣೆ ಹೋದರೆ ಗುಳಿಗೆಯೂ ಅದರ ಜೊತೆಗೇ ಹಿತ್ತಲಿಗೆ ಹೋಗುತ್ತದೆ. ಕರುಳನ್ನು ಕಚ್ಚಿಕೊಂಡಿರುವ ಹುಳು ಮಾತ್ರ ಅಲ್ಲೇ ಇರುತ್ತದೆ.

ಹುಡುಗಿಯ ಕಡೆ ತಿರುಗಿ, ನನಗೆ ಯಾಕೆ ಹೇಳಲಿಲ್ಲ ಎಂದೆ. ನೀವು ಕೇಳಿದ್ದು ಏನು ತಿಂದೆ ಅಂತ, ಎಣ್ಣೆ ಆಸ್ಪತ್ರೆಯವರೇ ಹೇಳಿದ್ದಲ್ಲವಾ ಎಂದಳು. ಅವಳ ಮಟ್ಟಿಗೆ ಎಣ್ಣೆ ನನ್ನ ಚೀಟಿಯ ಒಂದು ಭಾಗವೇ ಆಗಿತ್ತು. ಅಜ್ಜಿ ಇನ್ನೊಂದು ವಿಷಯ ಹೇಳಿದಳು, ಅದು ನನ್ನನ್ನು ಕುಗ್ಗಿಸಿಬಿಟ್ಟಿತು. ಮೊದಲ ಸಲ ಎಣ್ಣೆ ಕುಡಿಸಿ ನೋಡಿದಾಗ ಒಂದು ಹುಳುವೂ ಬೀಳಲಿಲ್ಲವಂತೆ. ಎಣ್ಣೆ ಸಾಲಲಿಲ್ಲವೆಂದು ಎರಡನೆಯ ಸಲ ಮೂರೂ ದಿನ ಎರಡರಷ್ಟು ಕುಡಿಸಿದಳಂತೆ. ನೂಲಿನಂಥ ಆ ಹುಳು ಸತ್ತರೂ ಕಣ್ಣಿಗೆ ಬೀಳುವುದಿಲ್ಲ ಎಂದು ಹೇಳಬೇಕಾದವನು ನಾನು. ಕೆಮ್ಮು ಕೇಳಿಸಿತೆಂದು ಆ ಮಾತನ್ನು ಕಿಟಕಿಯ ಈಚೆಯೇ ಉಳಿಸಿಕೊಂಡಿದ್ದೆ.

ನಾಚಿಕೆಯಾಯಿತು, ಅದು ಸಹಜ. ಅದರ ಜೊತೆಗೇ, ಹೇಳಿಕೊಳ್ಳಲು ಸಂಕೋಚವಾದರೂ ಹೇಳುತ್ತೇನೆ, ಒಂದು ಸಂತೋಷವೂ ಆಯಿತು. ಮೀಸೆ ಸರಿಯಾಗಿ ಬಾರದ ವಯಸ್ಸಿನಲ್ಲಿ ನಾನು ಒದರಿದ್ದನ್ನು ಈ ಅಜ್ಜಿ ಮೂವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು. ನನ್ನ ಮಾತನ್ನು ನನ್ನ ಮನೆಯವರೂ ಹಾಗೆ ಇಟ್ಟುಕೊಂಡಿಲ್ಲ. ಅವಳ ಕೈಯಿಂದ ಲೋಟ ಇಸಿದುಕೊಂಡು ಪಕ್ಕಕ್ಕಿಟ್ಟೆ.

"ತಪ್ಪು ನಂದು ಅವ್ವಾ. ಆ ಮದ್ದು ಬೇರೆ, ಈ ಮದ್ದು ಬೇರೆ. ಅದು ಮಂಪರು ಬರಿಸೋದು. ಇದು ಹಸಿವಿಂದ ಸಾಯಿಸೋದು. ಹಸಿಯೋಕೆ ಹೊತ್ತು ಬೇಕು, ಎಣ್ಣೆ ಕುಡಿಸಿದ್ರೆ ಮದ್ದೇ ಹೊರಟೋಗ್ತದೆ. ಮೊದಲೇ ಹೇಳ್ಬೇಕಿತ್ತು, ಹೇಳಲಿಲ್ಲ."

ಅಜ್ಜಿ ಕೂತು ಯೋಚಿಸಿದಳು. ಅವಳಿಗೆ ಕೋಪ ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಬಂದದ್ದು ಪ್ರಶ್ನೆಗಳು. ಹುಳು ಒಳಗೇ ಸತ್ತರೆ ಕೊಳೆತು ನಂಜಾಗುವುದಿಲ್ಲವೇ ಎಂದಳು. ತಿಂದ ಮೀನು ಕರಗುವ ಹಾಗೆ ಅದೂ ಕರುಳಿನಲ್ಲಿ ಕರಗುತ್ತದೆ ಎಂದೆ. ನಮ್ಮನ್ನು ಕುಡಿದದ್ದನ್ನು ನಾವೇ ತಿಂದ ಹಾಗಾಯಿತು ಎಂದು ನಕ್ಕಳು. ಕೊನೆಯ ಪ್ರಶ್ನೆ ಕೇಳುವಾಗ ನಗುತ್ತಿರಲಿಲ್ಲ.

"ಕಣ್ಣಿಗೇ ಕಾಣದ ಮ್ಯಾಲೆ ಸತ್ತದೆ ಅಂತ ಹೆಂಗೆ ನಂಬಾದು?"

ತೋರಿಸುತ್ತೇನೆ, ಹದಿನೈದು ದಿನದ ಮೇಲೆ ಆಸ್ಪತ್ರೆಗೆ ಬಾ ಎಂದೆ.

ಆ ದಿನ ಮಧ್ಯಾಹ್ನದವರೆಗೂ ಜಗಲಿ ಬಿಟ್ಟು ಏಳಲಿಲ್ಲ. ಮಾರನೆಯ ದಿನವೂ ಹೋದೆ, ಅದರ ಮರುದಿನವೂ. ಮನೆಯವರೆಲ್ಲರಿಗೂ ಮದ್ದು ಬೇಕೆಂದು ಅಜ್ಜಿಗೂ ಒಂದು ಗುಳಿಗೆ ಜಗಿಸಿದೆ. ಆಮೇಲೆ ನೋಡಬೇಕಿತ್ತು ಅವಳ ಚಡಪಡಿಕೆ. ಒಳಗೆ ಹೋಗುವುದು, ಎಣ್ಣೆಯ ಸೀಸೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇಡುವುದು, ಹೊರಗೆ ಬಂದು ಮೊಮ್ಮಗಳ ಹೊಟ್ಟೆ ಮುಟ್ಟಿ ನೋಡುವುದು. ಹುಡುಗಿ ನಗು ತಡೆಯಲಾರದೆ ಹಿತ್ತಲಿಗೆ ಹೋಗುತ್ತಿದ್ದಳು. ಮೂರನೆಯ ದಿನ ನಾನು ಹೊರಟಾಗ ಅಜ್ಜಿ ಸೀಸೆಯನ್ನು ತಂದು ನನ್ನ ಚೀಲದೊಳಗೆ ತುರುಕಿದಳು. ಮನೆಯಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದಳು. ಬಸ್ಸಿನಲ್ಲಿ ಆ ಸೀಸೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅವಳ ಮೇಲೆ ಬಹಳ ಅಕ್ಕರೆ ಹುಟ್ಟಿತ್ತು.

ಹದಿನೈದು ದಿನಕ್ಕೆ ಸರಿಯಾಗಿ ಇಬ್ಬರೂ ಬಂದರು. ಲ್ಯಾಬಿನಾಕೆ ಎರಡು ಗಾಜು ಸಿದ್ಧಮಾಡಿಟ್ಟಿದ್ದರು. ಮೊದಲನೆಯದು ಬೇರೆ ಯಾರದೋ, ಹುಳುವಿದ್ದದ್ದು. ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಲು ಹೇಳಿ, ನಾನು ತಿರುಪನ್ನು ತಿರುಗಿಸಿದೆ. ಮೊದಲು ಕತ್ತಲೆ ಎಂದಳು, ಆಮೇಲೆ ಹೊಗೆ ಎಂದಳು. ಗದ್ದೆ ನೀರಿನ ಕಪ್ಪೆಮೊಟ್ಟೆಯ ಹಾಗಿದೆ ಎಂದಳು. ಇದೇ ಹುಳುವಿನ ಮೊಟ್ಟೆ, ಹುಳು ಬದುಕಿದ್ದರೆ ದಿನವೂ ಸಾವಿರಾರು ಇಡುತ್ತದೆ ಎಂದೆ. ಲ್ಯಾಬಿನಾಕೆ ಗಾಜು ಬದಲಿಸಿದರು. ಅಜ್ಜಿ ಬಹಳ ಹೊತ್ತು ನೋಡಿದಳು. ನಾನು ಪಟ್ಟಿಯನ್ನು ಮೆಲ್ಲಗೆ ಈ ತುದಿಯಿಂದ ಆ ತುದಿಯವರೆಗೆ ಸರಿಸಿದೆ.

"ಇದ್ರಲ್ಲಿ ಏನೂ ಇಲ್ವಲ್ಲ" ಎಂದಳು.

"ಇದು ನಿಮ್ಮ ಕೂಸಿಂದು ಅವ್ವಾ."

ಅಜ್ಜಿ ಕಣ್ಣು ತೆಗೆಯಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಸರಿಸಲು ಹೇಳಿದಳು. ಎಲ್ಲ ನೋಡಿ ಮುಗಿಸಿ, ಮೈಕ್ರೋಸ್ಕೋಪನ್ನು ಮೂರು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾವತ್ತೂ ಮಾತಾಡದ ಲ್ಯಾಬಿನಾಕೆ ಮೂಗು ಒರೆಸಿಕೊಂಡು ಆ ಕಡೆ ತಿರುಗಿದರು.

ರಕ್ತ ಕುಡಿಯುವವರು ಹೋದ ಮೇಲೆ ಕಬ್ಬಿಣ ತನ್ನ ಕೆಲಸ ಮಾಡಿತು. ತಿಂಗಳಿಗೆ ಒಂಬತ್ತಕ್ಕೆ ಸಮೀಪ ಬಂತು. ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಹತ್ತೂಮುಕ್ಕಾಲು. ಹನ್ನೆರಡಾಗಿರಲಿಲ್ಲ. ಸಾಕಾಗುತ್ತದ ಸಾರ್ ಎಂದು ಹುಡುಗಿ ಕೇಳಿದಳು. ನಡೆಯುವವಳು ನೀನು, ನಿನ್ನ ಕಾಲನ್ನೇ ಕೇಳು ಎಂದೆ. ನನಗೂ ಗೊತ್ತಿರಲಿಲ್ಲ. ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ತಲೆ ತಿರುಗಿದರೆ ನಿಲ್ಲಬೇಕು ಎಂದು ನಾಲ್ಕು ಸಲ ಹೇಳಿದರು.

ನಡಿಗೆಯ ದಿನ ನಾನು ಕಿಟಕಿಯಲ್ಲಿ ಕೂತು ಕೊಟ್ಟದ್ದನ್ನೇ ಕೊಟ್ಟೆ, ಒಬ್ಬರ ಮದ್ದು ಇನ್ನೊಬ್ಬರಿಗೆ ಕೊಡುವುದರಲ್ಲಿದ್ದೆ. ಸಂಜೆ ನಾಲ್ಕರ ಬಸ್ಸು ಹೋದ ಮೇಲೆ ಕಿಟಕಿಯೊಳಗೆ ಒಂದು ಕೈ ಬಂತು. ಚೀಟಿ ಇರಲಿಲ್ಲ. ಅಂಗೈ ಮೇಲಾಗಿತ್ತು, ಗೆರೆಗಳು ಕೆಂಪಗಿದ್ದವು. ಬಗ್ಗಿ ನೋಡಿದೆ. ಶೂ ಕಚ್ಚಿ ಕಾಲಿನಲ್ಲಿ ಗುಳ್ಳೆ ಎದ್ದಿವೆ, ಏನಾದರೂ ಹಚ್ಚಲು ಕೊಡಿ ಎಂದಳು. ಅವಳೇ ಹೇಳಿದಳು, ಹೊತ್ತು ಮುಗಿಯಲು ಆರು ನಿಮಿಷ ಇರುವಾಗಲೇ ಗೆರೆ ದಾಟಿದಳಂತೆ. ಮುಲಾಮು ಹುಡುಕುವ ನೆಪದಲ್ಲಿ ಕಪಾಟಿನ ಹಿಂದೆ ಹೋಗಿ ನಿಂತೆ. ಅಲ್ಲಿ ಹರಳೆಣ್ಣೆಯ ಸೀಸೆ ಇತ್ತು.

ಕೆಲವು ತಿಂಗಳಾದ ಮೇಲಿನ ಒಂದು ಮಾತು ಉಳಿದಿದೆ. ಹುಡುಗಿ ತರಬೇತಿ ಶಿಬಿರದಿಂದ ರಜೆಗೆ ಬಂದಾಗ ಜೊತೆಗೆ ಕಜ್ಜಿಯನ್ನೂ ತಂದಿದ್ದಳು. ಅದು ಅಜ್ಜಿಗೂ ಅಂಟಿತು. ಡಾಕ್ಟರಮ್ಮ ತೂಕ ನೋಡಿ ಐವರ್ಮೆಕ್ಟಿನ್ ಬರೆದರು, ಇವತ್ತೊಮ್ಮೆ, ಮುಂದಿನ ವಾರ ಇನ್ನೊಮ್ಮೆ. ಚೀಟಿ ಹಿಡಿದ ಸುಕ್ಕುಗಟ್ಟಿದ ಕೈ ಕಿಟಕಿಯೊಳಗೆ ಬಂತು. ನಾನು ಗುಳಿಗೆ ಎಣಿಸಿ ಲಕೋಟೆಗೆ ಹಾಕಿದೆ. ಅಜ್ಜಿ ತೆಗೆದುಕೊಳ್ಳಲಿಲ್ಲ.

"ಇದು ಮಂಪರಿಂದೋ, ಹಸಿವಿಂದೋ?"

ಇಷ್ಟು ವರ್ಷದ ನನ್ನ ನೌಕರಿಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಐವರ್ಮೆಕ್ಟಿನ್ ಮಂಪರಿನ ಮದ್ದೇ. ಚರ್ಮದೊಳಗೆ ಬಿಲ ತೋಡುವ ಕಜ್ಜಿಹುಳುವಿನ ನರಗಳನ್ನು ಅಡಗಿಸಿ ಮೈ ಜೋಲಿಸುತ್ತದೆ. ಮಂಪರಿನದು ಎಂದೆ. ಅಷ್ಟು ಹೇಳಿದ ಕೂಡಲೇ ಅಜ್ಜಿಯ ಕಣ್ಣು ನನ್ನ ಹಿಂದಿನ ಕಪಾಟಿಗೆ ಹೋಯಿತು, ಅವಳ ಸೀಸೆ ಇದ್ದ ಕಡೆಗೆ. ನಾನು ತಡೆದು, ಇದಕ್ಕೂ ಎಣ್ಣೆ ಬೇಡ ಎಂದೆ. ಮಂಪರಿನದಾದರೆ ಯಾಕೆ ಬೇಡ ಎಂದಳು. ನ್ಯಾಯವಾದ ಪ್ರಶ್ನೆ. ಈ ಹುಳು ಇರುವುದು ಕರುಳಿನಲ್ಲಲ್ಲ, ಚರ್ಮದಲ್ಲಿ, ಮದ್ದು ರಕ್ತ ಸೇರಿ ಅಲ್ಲಿಗೆ ತಲುಪಬೇಕು ಎಂದು ಹೇಳಬೇಕಿತ್ತು. ಸಾಲು ಮೆಟ್ಟಿಲಿನವರೆಗೆ ಬೆಳೆದಿತ್ತು. ಡಾಕ್ಟರಮ್ಮನ ಕೋಣೆಯಿಂದ ಕೆಮ್ಮು ಕೇಳಿಸಿತು.

"ನಿಧಾನುಕ್ಕೆ ಯೋಳಿ ಕಂಪೌಂಡ್ರೇ" ಎಂದಳು ಅಜ್ಜಿ. "ನೀವ್ ಯೋಳಿದ್ದು ನಂಗೆ ಮರ್ತೋಗಲ್ಲ."

ನಾನು ಕಿಟಕಿ ಬಿಟ್ಟು ಹೊರಗೆ ಬಂದು, ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತು, ಮೊದಲಿನಿಂದ ಶುರುಮಾಡಿದೆ.